ಕೊನೆಯ ದೃಶ್ಯಕ್ಕೆ ಮೊದಲು ಸನ್ಮಾನ

ನಾಟಕದ ಪಾತ್ರಗಳ ಆಯ್ಕೆಗೆ ಸಿಡ್ನಿಯ ಕನ್ನಡಿಗರು ನಾವೆಲ್ಲ ಫೈಲ್ ಹಿಡಿದುಕೊಂಡು ಹೋಗಿದ್ದೆವು. ತರಬೇಕೆಂದು ಯಾರೂ ಹೇಳಿರಲಿಲ್ಲ. ಗಿರಾವೀನ್‌ನ ಒಂದು ಹಾಲ್‌ನಲ್ಲಿ ಮೇಜಿನ ಆಚೆ ಒಬ್ಬ ಅಮೆರಿಕನ್ ಕುಳಿತಿರುತ್ತಾರೆ, ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ ಎಂದಷ್ಟೇ ಗೊತ್ತಿತ್ತು. ಅಷ್ಟು ಸಾಕಾಯಿತು. ಪಿಆರ್‌ಗೆ, ಅಂದರೆ ಇಲ್ಲೇ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿ ಕಾಯುತ್ತಿದ್ದವರು, ಆಗತಾನೇ ಪಿಆರ್ ಸಿಕ್ಕವರು, ಎಲ್ಲರೂ ಡಿಗ್ರಿ ಸರ್ಟಿಫಿಕೇಟು, ಪಾಸ್‌ಪೋರ್ಟಿನ ನಕಲು, ಆಫೀಸಿನ ಪತ್ರ ಜೋಡಿಸಿಕೊಂಡು ಗೋಡೆಗೆ ಒರಗಿ ಸಾಲಾಗಿ ಕುಳಿತಿದ್ದರು. 2006ರ ಫೆಬ್ರವರಿಯ ಆ ಶನಿವಾರವನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ: ಬಂದವರು ಹದಿನಾಲ್ಕು ಜನ, ಫೈಲ್ ತಂದವರು ಹನ್ನೆರಡು. ಉಳಿದಿಬ್ಬರು ಅದನ್ನು ಕಾರಿನಲ್ಲಿ ಇಟ್ಟು ಬಂದಿದ್ದರು.

ನನ್ನ ಸರದಿ ಬಂದಾಗ ಮೇಜಿನ ಆಚೆಯ ವ್ಯಕ್ತಿ ನನ್ನ ಫೈಲಿನ ಮೇಲೆ ಅಂಗೈ ಇಟ್ಟರು. ಎತ್ತರದ ಆಳು, ಅರವತ್ತೈದು ದಾಟಿದೆ, ಆ ಸೆಖೆಯಲ್ಲೂ ಟೈ ಬಿಗಿದಿದ್ದಾರೆ.

"ಮುಚ್ಚಿಬಿಡು," ಎಂದರು. ಅವರು ಆಡುತ್ತಿದ್ದುದು ಇಂಗ್ಲಿಷ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇಂಥ ಫೈಲುಗಳನ್ನು ಜೀವಮಾನವಿಡೀ ನೋಡಿದ್ದೇನೆ. ಆ ಬೆಂಚಿನ ಮೇಲೆ ಕೂತು, ನಿನ್ನನ್ನು ಕರೆಯುವವರೆಗೆ ಕಾಯಿ. ನಮ್ಮ ನಾಟಕದಲ್ಲಿ ಇರುವುದು ಅಷ್ಟೇ ನಟನೆ."

ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಅವರು ತಲೆಯಾಡಿಸಿದರು. "ನೀನು ಕಾಯುತ್ತಿಲ್ಲ. ಎಷ್ಟು ಹೊತ್ತಾಯಿತು ಅಂತ ಎಣಿಸುತ್ತಿದ್ದೀಯ."

ಅದು ನಿಜವಾಗಿತ್ತು. ನನಗೆ ಪಾತ್ರ ಸಿಗಲಿಲ್ಲ. ಎಣಿಸುವವನು ಬೇಕು ಎಂದು ಸ್ಟೇಜ್ ಮ್ಯಾನೇಜರ್ ಮಾಡಿದರು: ಯಾವ ಲೈಟು ಯಾವಾಗ, ಯಾರು ಯಾವಾಗ ಒಳಗೆ, ಪರದೆ ಯಾವಾಗ ಎಂದು ರಂಗದ ಪಕ್ಕದ ಮರೆಯಲ್ಲಿ ನಿಂತು ಹೇಳುವ ಕೆಲಸ. ನಾನು ಹಗಲು ಪ್ಯಾರಮಟ್ಟಾದ ಒಂದು ಹೆಲ್ಪ್‌ಡೆಸ್ಕ್‌ನಲ್ಲಿ ಫೋನ್ ಎತ್ತುತ್ತಿದ್ದೆ, ಸಂಜೆಗಳು ಖಾಲಿ ಇದ್ದವು. ನಾಟಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವೂ ನನ್ನ ತಲೆಗೇ ಬಂತು.

ಅವರು ಅಮೆರಿಕದ ರಾಯಭಾರ ಸೇವೆಯಲ್ಲಿದ್ದವರು. ಮನಿಲಾ, ಲಾಗೋಸ್, ಮದ್ರಾಸ್, ಮಧ್ಯೆ ಇನ್ನೂ ಕೆಲವು ಊರುಗಳು, ಕೊನೆಗೆ ಸಿಡ್ನಿ. ನಿವೃತ್ತಿಗೆ ಇನ್ನೂ ಸಮಯವಿದ್ದಾಗಲೇ ಕೆಲಸ ಬಿಟ್ಟು, ಸಣ್ಣ ಹಾಲ್‌ಗಳನ್ನು ಬಾಡಿಗೆಗೆ ಹಿಡಿದು ನಾಟಕ ಆಡಿಸಲು ಶುರು ಮಾಡಿದರು. ನಮ್ಮವರು ಅವರಿಗೆ ಕಾನ್ಸಲ್ ಅಂಕಲ್ ಎಂದು ಹೆಸರಿಟ್ಟರು. ಮದ್ರಾಸಿನಲ್ಲಿ ಎಷ್ಟೋ ಕನ್ನಡಿಗರ ವೀಸಾ ತಿರಸ್ಕರಿಸಿದ್ದರಂತೆ. ಅದನ್ನು ಅವರೇ ಹೇಳಿ ತಾವೇ ನಗುತ್ತಿದ್ದರು.

ಈಗ ಆಡಿಸಲು ಹೊರಟಿದ್ದ ನಾಟಕ ಅವರ ಹೆಂಡತಿ ಬರೆದದ್ದು. ಆಕೆ ಮೆಲ್ಬರ್ನ್‌ನವರು, ಮದುವೆಗೆ ಮೊದಲು ರಂಗದಲ್ಲಿದ್ದವರು. ಮದುವೆಯಾದ ಮೇಲೆ ಗಂಡನ ಹಿಂದೆ ಊರೂರು ತಿರುಗುತ್ತ, ಔತಣಗಳಿಗೆ ಅತಿಥಿಗಳ ಜಾಗ ಗೊತ್ತು ಮಾಡುತ್ತ, ಬರೆದು ಮುಗಿಸಿದ್ದು ಇದೊಂದೇ. ಕಾನ್ಸುಲೇಟಿನ ವೇಟಿಂಗ್ ರೂಮು. ಕಿಟಕಿಯ ಹಿಂದೆ ಒಬ್ಬ ಅಧಿಕಾರಿ, ಈಚೆ ಬೆಂಚಿನ ಮೇಲೆ ಟೋಕನ್ ಹಿಡಿದ ಐದು ಜನ. ಒಂದು ಹಗಲಿನಲ್ಲಿ ನಡೆಯುವ ಕಥೆ. ಇಂಗ್ಲಿಷ್ ನಟರ ಜೊತೆ ಎರಡು ಸಲ ಪ್ರಯತ್ನಪಟ್ಟು ಅಂಕಲ್ ಕೈಬಿಟ್ಟಿದ್ದರು. ಆ ನಟರಿಗೆ ಬೆಂಚಿನ ಮೇಲೆ ಕೂರುವುದು ಬರುತ್ತಿರಲಿಲ್ಲವಂತೆ. ಆಮೇಲೆ ನಮ್ಮ ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮಕ್ಕೆ ಯಾರೋ ಕರೆದಿದ್ದರು. ಅಲ್ಲಿ ಒಂದು ಪುಟ್ಟ ಪ್ರಹಸನದಲ್ಲಿ ನಾವೆಲ್ಲ ಅಕ್ಕ ಎನ್ನುತ್ತಿದ್ದ ಧಾರವಾಡದ ಒಬ್ಬಾಕೆಯನ್ನು ನೋಡಿದರು. ಅಕ್ಕ ಅಕೌಂಟ್ಸ್ ಕೆಲಸದಲ್ಲಿದ್ದವಳು, ಇಬ್ಬರು ಮಕ್ಕಳ ತಾಯಿ. ಅಂಕಲ್ ಅವಳಿಗೆ ಮುಖ್ಯ ಪಾತ್ರ ಕೊಟ್ಟರು: ಗಂಡನಿಗೆ ಊಟದ ಡಬ್ಬಿ ತಂದು, ಅವನು ತಲೆಯೆತ್ತದ ಕಾರಣ ಬೆಂಚಿನಲ್ಲೇ ಉಳಿದುಬಿಡುವ ಅಧಿಕಾರಿಯ ಹೆಂಡತಿ.

"ಮೂರು ದೃಶ್ಯದಾಗ ಬರೀ ಡಬ್ಬಿ ಹಿಡಕೊಂಡು ಕೂಡೂದೇನ್ರಿ?" ಎಂದು ಅಕ್ಕ ಮೊದಲ ದಿನ ಕೇಳಿದಳು. "ನಮ್ಮ ಮನ್ಯಾಗ ಇದನ್ನ ದಿನಾ ಮಾಡ್ತೀನಿ. ಅದಕ್ಕ ಯಾರೂ ಟಿಕೆಟ್ ತಗೊಂಡು ಬರಂಗಿಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅಂಕಲ್ ಜೋರಾಗಿ ನಕ್ಕು, "ಹಾಗಾದರೆ ರಿಹರ್ಸಲ್ ಅರ್ಧ ಮುಗಿದಿದೆ," ಎಂದರು.

ಅವರ ಹೆಂಡತಿಯನ್ನು ನಾವು ಆಂಟಿ ಎನ್ನುತ್ತಿದ್ದೆವು. ಆಗ ಆಂಟಿಗೆ ಕ್ಯಾನ್ಸರ್. ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ತಂಗಿಯ ಮನೆಯಲ್ಲಿದ್ದರು. ಅಂಕಲ್ ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದರು. ನಾಟಕದ ಕೊನೆಯ ದೃಶ್ಯ ಆಂಟಿಗೆ ಎಂದೂ ಒಪ್ಪಿಗೆಯಾಗಿರಲಿಲ್ಲ. ಹಾಸಿಗೆಯಲ್ಲಿ ಅದನ್ನು ಹೊಸದಾಗಿ ಬರೆದು ನನ್ನ ವಿಳಾಸಕ್ಕೆ ನೇರವಾಗಿ ಕಳಿಸಿದರು, ಆಮೇಲೆ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು, ಮಾತು ಖಡಕ್ಕಾಗಿತ್ತು.

"ಇದನ್ನು ಅವನಿಗೆ ತೋರಿಸಬೇಡ. ತೋರಿಸಿದರೆ ಪೆನ್ಸಿಲ್ ತೆಗೆಯುತ್ತಾನೆ. ಸರ್ಕಾರಕ್ಕೆ ವರದಿ ಬರೆದು ಬರೆದು ಅವನಿಗೆ ಗಟ್ಟಿ ಮಾತು ಕಂಡರೆ ಒರೆಸುವ ಚಟ. ನನ್ನ ಪಕ್ಕದಲ್ಲಿ ಕೂತು ನೋಡಲಿ. ನಾನೂ ಅವನೂ ಒಟ್ಟಿಗೆ, ಮೊದಲ ಸಲ."

"ನಿಮಗೆ ಕನ್ನಡ ಅರ್ಥವಾಗುವುದಿಲ್ಲವಲ್ಲ, ಆಂಟಿ?"

"ಬರೆದವಳು ನಾನು. ನೀವು ಚೈನೀಸಿನಲ್ಲಿ ಆಡಿದರೂ ಅರ್ಥವಾಗುತ್ತದೆ."

ಅಂಕಲ್ ಒಪ್ಪಿಕೊಂಡರು. ಕೊನೆಯ ದೃಶ್ಯದ ರಿಹರ್ಸಲ್ ಬಂದಾಗಲೆಲ್ಲ ತಾವೇ ಎದ್ದು ಹೊರಗೆ ಹೋಗಿ, ಮಕ್ಕಳ ಆಟದ ಬಯಲಿನ ತಂತಿ ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮುಗಿದ ಮೇಲೆ ನಾನು ಹೋಗಿ ಕರೆಯಬೇಕು. ಅವರು ಏನನ್ನೂ ಕೇಳುತ್ತಿರಲಿಲ್ಲ. ಆದರೆ ಆ ದೃಶ್ಯದಲ್ಲಿ ತಮ್ಮ ವಿಚಾರಣೆಯಾಗುತ್ತದೆ ಎಂದು ಅವರು ನಂಬಿದ್ದರೆಂಬುದು ನನಗೆ ನಿಧಾನವಾಗಿ ತಿಳಿಯಿತು.

ಅದರಲ್ಲಿ ಇದ್ದದ್ದು ಇಷ್ಟು. ಎಲ್ಲರೂ ಹೋದ ಮೇಲೆ ಹೆಂಡತಿ ತಾನೂ ಒಂದು ಟೋಕನ್ ತೆಗೆದುಕೊಳ್ಳುತ್ತಾಳೆ. ಅಧಿಕಾರಿ ನಂಬರ್ ಕೂಗುತ್ತಾನೆ. ಅವಳು ಏಳುವುದಿಲ್ಲ. ಮತ್ತೆ ಕೂಗುತ್ತಾನೆ. ಆಮೇಲೆ ತಲೆಯೆತ್ತಿ ನೋಡಿ, ಕಿಟಕಿ ಮುಚ್ಚಿ, ಸುತ್ತು ಹಾಕಿ ಬಾಗಿಲಿನಿಂದ ಹೊರಗೆ ಬಂದು ಅವಳ ಪಕ್ಕದಲ್ಲಿ ಕೂರುತ್ತಾನೆ. ಅವಳು ಡಬ್ಬಿ ಬಿಚ್ಚುತ್ತಾಳೆ. ಮಾತಿಲ್ಲ. ದೀಪ ಆರುತ್ತದೆ. ಹನ್ನೊಂದು ನಿಮಿಷ. ಬೈಗುಳದ ಒಂದು ಶಬ್ದವೂ ಇಲ್ಲ.

ಆಂಟಿಯ ಸ್ಥಿತಿ ನೋಡಿ ಮೊದಲ ಪ್ರದರ್ಶನವನ್ನು ಮೆಲ್ಬರ್ನ್‌ನಲ್ಲೇ ಇಟ್ಟೆವು. ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಪಶ್ಚಿಮದ ಸಬರ್ಬ್ ಒಂದರ ಕಮ್ಯುನಿಟಿ ಹಾಲ್‌ನಲ್ಲಿ. ಅಲ್ಲಿನ ಕನ್ನಡ ಬಳಗದವರು ಹಾಲ್ ಬುಕ್ ಮಾಡಿ, ಚಿತ್ರಾನ್ನ, ಕೇಸರಿಬಾತಿನ ವ್ಯವಸ್ಥೆಯನ್ನೂ ತಾವೇ ವಹಿಸಿಕೊಂಡರು. ನಟರೆಲ್ಲ ಬೆಳಗಿನ ಅಗ್ಗದ ವಿಮಾನದಲ್ಲಿ ಬರುವುದು, ಅಂಕಲ್ ಮತ್ತು ನಾನು ಮುಂಚಿನ ದಿನವೇ ರಂಗಸಜ್ಜಿಕೆಯನ್ನು ವ್ಯಾನಿಗೆ ತುಂಬಿ ಹ್ಯೂಮ್ ಹೈವೇ ಹಿಡಿಯುವುದು ಎಂದಾಯಿತು.

ದಾರಿಯುದ್ದಕ್ಕೂ ಅವರು ಕೆಲಸದ ಕಥೆ ಹೇಳಿದರು. ಆಲ್‌ಬರಿಯ ಹತ್ತಿರ ಪೆಟ್ರೋಲ್ ಹಾಕಿಸಿ ಕಾಫಿ ಕುಡಿಯುವಾಗ ನಾನು ಕೇಳಿದೆ, "ಅಷ್ಟು ಜನಕ್ಕೆ ಇಲ್ಲ ಅನ್ನುವುದು ಕಷ್ಟವಾಗುತ್ತಿರಲಿಲ್ಲವೇ?"

"ಗಾಜಿನ ಹಿಂದೆ ಕೂತರೆ ಇಲ್ಲ ಅನ್ನುವುದು ಸುಲಭ," ಎಂದರು. "ಎದುರಿಗೆ ಬಂದು ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದರೆ ನನ್ನಿಂದ ಆಗುವುದಿಲ್ಲ. ನನ್ನ ಹೆಂಡತಿಯ ನಾಟಕ ಒಮ್ಮೆ ಮನಿಲಾದಲ್ಲಿ ಆಗುವುದಿತ್ತು. ಅದೇ ಸಂಜೆ ಒಬ್ಬ ಮಂತ್ರಿಯ ಮನೆಯಿಂದ ಊಟಕ್ಕೆ ಕರೆ ಬಂತು. ಹೋದೆವು. ಅವಳೂ ಬಂದಳು, ಹಸಿರು ಗೌನ್ ತೊಟ್ಟುಕೊಂಡು. ಬಹಳ ಸಭ್ಯ ಜನ ಅವರು."

ಭಾನುವಾರ ಎಲ್ಲವೂ ಸರಿಯಾಗಿ ಶುರುವಾಯಿತು. ಹಾಲ್ ತುಂಬಿತ್ತು. ಆಂಟಿಯನ್ನು ತಂಗಿ ವ್ಹೀಲ್‌ಚೇರ್‌ನಲ್ಲಿ ಕರೆತಂದು ಮುಂದಿನ ಸಾಲಿನ ತುದಿಯಲ್ಲಿ ನಿಲ್ಲಿಸಿದರು. ತೆಳ್ಳಗಾಗಿದ್ದರು, ತುಟಿಗೆ ಬಣ್ಣ ಹಚ್ಚಿಕೊಂಡಿದ್ದರು. ಪಕ್ಕದ ಕುರ್ಚಿಯಲ್ಲಿ ಅಂಕಲ್. ಸಂಜೆ ಆರಕ್ಕೆ ಹಾಲ್ ಬಿಟ್ಟುಕೊಡಬೇಕಿತ್ತು, ಅಲ್ಲಿ ಬೇರೆ ಯಾರದೋ ನಿಶ್ಚಿತಾರ್ಥವಿತ್ತು. ನನ್ನ ಲೆಕ್ಕದಲ್ಲಿ ನಾಟಕ ಐದಕ್ಕೆ ಮುಗಿಯುತ್ತಿತ್ತು.

ಅಕ್ಕ ಅಂದು ಕುಳಿತ ಹಾಗೆ ಮುಂದೆಂದೂ ಕುಳಿತಿಲ್ಲ. ಜನ ಕೆಮ್ಮಲಿಲ್ಲ. ಮೂರನೆಯ ದೃಶ್ಯದಲ್ಲಿ ಆಂಟಿಯ ತುಟಿ ಅಲ್ಲಾಡುತ್ತಿದ್ದುದು ರಂಗದ ಪಕ್ಕದ ಮರೆಯಲ್ಲಿದ್ದ ನನಗೆ ಕಾಣುತ್ತಿತ್ತು. ಕನ್ನಡದ ಮಾತಿನ ಜೊತೆಜೊತೆಗೇ ತಮ್ಮ ಇಂಗ್ಲಿಷನ್ನು ಹೇಳಿಕೊಳ್ಳುತ್ತಿದ್ದರು. ಮೂರನೆಯದು ಮುಗಿದು ದೀಪ ಆರಿತು. ಮತ್ತೆ ದೀಪ ಹಾಕಿ ಎಂದು ನಾನು ಹೇಳುವ ಮೊದಲೇ ಯಾರೋ ಹಾಲ್‌ನ ದೊಡ್ಡ ಲೈಟುಗಳನ್ನೆಲ್ಲ ಹಾಕಿದರು. ಬಳಗದ ಅಧ್ಯಕ್ಷರು, ಬೆಳಗಾವಿಯ ಕಡೆಯವರು, ಮೈಕ್ ಹಿಡಿದು ರಂಗದ ಮೇಲೆ ಬಂದರು. ಅವರ ಹಿಂದೆ ನಾಲ್ಕು ಕುರ್ಚಿಗಳು ಬಂದವು.

ನಾನು ಓಡಿಹೋಗಿ ಪರದೆಯ ಮರೆಯಲ್ಲಿ ಅವರ ತೋಳು ಹಿಡಿದೆ. "ಸರ್, ಇನ್ನೊಂದು ಸೀನ್ ಇದೆ."

"ಗೊತ್ತೈತಿ ತಮ್ಮಾ. ಅದಕ್ಕಽ ಈಗ ಮಾಡೂದು. ಕಡೀಕ ಇಟ್ರ ಮಂದಿ ಎದ್ದು ಕೇಸರಿಬಾತಿಗೆ ಹೊಕ್ಕಾರ. ಸನ್ಮಾನಕ್ಕ ಯಾರಿರ್ತಾರ? ಐದಽ ಮಿನಿಟು."

ಇದು ನಮ್ಮ ಎಲ್ಲ ಸಂಘಗಳ ಪದ್ಧತಿ. ಮುಕ್ತಾಯಕ್ಕೆ ಕಾಯುವ ಜನವೇ ಸನ್ಮಾನಕ್ಕೆ ಸಿಗುವ ಜನ. ಅಂಕಲ್ ಅವರನ್ನು ಇಬ್ಬರು ಕೈಹಿಡಿದು ಮೇಲೆ ಕರೆತಂದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ತಲೆಗೆ ಮೈಸೂರು ಪೇಟ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಪರಿಚಯ ಭಾಷಣ ಮಾಡಿದವರು ಅವರು ಕೆಲಸ ಮಾಡಿದ ದೇಶಗಳನ್ನೆಲ್ಲ ಒಂದೊಂದಾಗಿ ಹೆಸರಿಸಿದರು. ಮಾಜಿ ಅಧ್ಯಕ್ಷರು ಎರಡು ಮಾತಾಡುತ್ತೇನೆಂದು ಎದ್ದು, ಕನ್ನಡ ನಾಡಿನ ಹಿರಿಮೆಯಿಂದ ಆರಂಭಿಸಿದರು. ಪ್ರಾಯೋಜಕರಿಗೆ ಸ್ಮರಣಿಕೆ. ಪುಟ್ಟ ಹುಡುಗಿಯರಿಂದ ಹೂಗುಚ್ಛ.

ನಾನು ಲೈಟಿನವನಿಗೆ ಹೇಳಿ ರಂಗದ ದೀಪಗಳನ್ನು ಎರಡು ಸಲ ಮಂದ ಮಾಡಿಸಿದೆ. ಇಷ್ಟಾದರೂ ತಿಳಿಯಲಿ ಎಂದು. ಅಧ್ಯಕ್ಷರು ಮೇಲೆ ನೋಡಿ, "ವಿದ್ಯುತ್ತಿನ ಸಣ್ಣ ತಾಂತ್ರಿಕ ತೊಂದರೆ, ಸಭಿಕರು ಕ್ಷಮಿಸಬೇಕು," ಎಂದು ಮುಂದುವರಿಸಿದರು.

ಅಂಕಲ್ ಪೇಟದ ಕೆಳಗೆ ನಗುತ್ತ ಕುಳಿತಿದ್ದರು. ಯಾರು ಮಾತಾಡುತ್ತಾರೋ ಅವರ ಕಡೆಗೆ ಪೂರ್ತಿ ತಿರುಗಿ, ಒಂದು ಶಬ್ದವೂ ಅರ್ಥವಾಗದಿದ್ದರೂ ಸರಿಯಾದ ಕಡೆ ತಲೆದೂಗುತ್ತ. ಅಷ್ಟು ಚೆನ್ನಾಗಿ ಸನ್ಮಾನಕ್ಕೆ ಕುಳಿತವರನ್ನು ನಾನು ನೋಡಿಲ್ಲ. ನಡುವೆ ಒಮ್ಮೆ ಅವರ ಕಣ್ಣು ನನ್ನ ಕಡೆಗೆ ಬಂತು. ನಾನು ಕೈಗಡಿಯಾರ ತೋರಿಸಿದೆ. ಅವರು ಕುರ್ಚಿಯ ಕೈ ಹಿಡಿದು ಸ್ವಲ್ಪ ಎದ್ದರು. ಅಷ್ಟರಲ್ಲಿ ಅಧ್ಯಕ್ಷರು, "ಇವರ ಯಶಸ್ಸಿನ ಹಿಂದಿನ ಶಕ್ತಿ, ಇವರ ಧರ್ಮಪತ್ನಿಯವರೂ ಇಲ್ಲೇ ಇದ್ದಾರೆ," ಎಂದು ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಅಂಕಲ್ ಮೈಕ್ ತೆಗೆದುಕೊಂಡು, "ಈ ನಾಟಕ ಅವಳದು, ನಾನು ಬರೀ ಹಾಲ್ ಹುಡುಕಿದವನು," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಒಳ್ಳೆಯ ಮಾತು. ಅದರಿಂದ ಚಪ್ಪಾಳೆ ಇನ್ನೂ ಹೆಚ್ಚಾಯಿತು, ಅಧ್ಯಕ್ಷರು ಆಂಟಿಗೂ ಸನ್ಮಾನವಾಗಲಿ ಎಂದರು, ಇನ್ನೊಂದು ಶಾಲು ಹುಡುಕಲು ಯಾರೋ ಕಾರಿಗೆ ಓಡಿದರು. ಅದು ಬರುವವರೆಗೆ ಮಾಜಿ ಅಧ್ಯಕ್ಷರು ಮತ್ತೆ ಎರಡು ಮಾತಾಡಿದರು.

ಶಾಲು ಬಂದು ಆಂಟಿಯ ಹೆಗಲಿಗೆ ಬಿದ್ದಾಗ ಆರು ಗಂಟೆಯಾಗಿ ಹಾಲ್‌ನ ಹಿಂಬದಿಯ ಬಾಗಿಲು ತೆರೆಯಿತು. ಬಲೂನು ಹಿಡಿದ ಹುಡುಗಿಯರು, ಕೇಕಿನ ಪೆಟ್ಟಿಗೆ ಹೊತ್ತ ಇಬ್ಬರು ಗಂಡಸರು. ಜೊತೆಗೆ ಹಾಲ್ ನೋಡಿಕೊಳ್ಳುವವನು, ಬೀಗದ ಗೊಂಚಲು ಹಿಡಿದು. ಇನ್ನು ಕಾಲು ಗಂಟೆ ಕೊಡಿ ಎಂದು ಕೇಳಿದೆ. ಅವನು ಬಲೂನಿನವರ ಕಡೆ ನೋಡಿ, ಅವರೂ ದುಡ್ಡು ಕಟ್ಟಿದ್ದಾರೆ ಎಂದ. ಅವನ ಮಾತೂ ನ್ಯಾಯವೇ.

ಅಧ್ಯಕ್ಷರ ಮುಖ ಪೆಚ್ಚಾಯಿತು. "ಸಣ್ಣ ಸೀನ್ ಅಲ್ಲೇನ ತಮ್ಮಾ? ಮುಂದ ಏನಾತು ಅಂತ ನೀನಽ ಮೈಕಿನಾಗ ಹೇಳಿಬಿಡು."

ನಾನು ಅದನ್ನು ಅಂಕಲ್‌ಗೆ ಹೇಳಿದೆ. "ಬೇಡ," ಎಂದರು. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಬೇಡ. ಜನರನ್ನು ಮನೆಗೆ ಕಳಿಸು."

ಪಾರ್ಕಿಂಗಿನಲ್ಲಿ ಗಾಳಿ ಕೊರೆಯುತ್ತಿತ್ತು. ನಾನು ವ್ಹೀಲ್‌ಚೇರ್ ತಳ್ಳಿದೆ, ಅಂಕಲ್ ಪಕ್ಕದಲ್ಲಿ ನಡೆದರು. ಅಕ್ಕ ಮೇಕಪ್ಪಿನಲ್ಲೇ ಓಡಿಬಂದು ಆಂಟಿಯ ಮುಂದೆ ಮಂಡಿಯೂರಿದಳು.

"ಆಂಟಿ, ಟುಮಾರೋ ಮಾರ್ನಿಂಗ್ ವಿ ಕಮ್ ಟು ಯುವರ್ ಹೌಸ್. ಓನ್ಲಿ ಟೂ ಪೀಪಲ್. ವಿ ಡೂ ಫಾರ್ ಯೂ." ಫ್ಲೈಟ್ ತಪ್ಪಿಸಿ, ಆಫೀಸಿಗೆ ರಜೆ ಹೇಳಿ ಉಳಿಯಲು ಅವಳು ಸಿದ್ಧಳಿದ್ದಳು.

ಆಂಟಿ ಅವಳ ಕೆನ್ನೆ ಮುಟ್ಟಿದರು. "ನೀನು ಬಹಳ ಚೆನ್ನಾಗಿ ಕೂತೆ. ಆದರೆ ಬೇಡ. ಹಾಸಿಗೆಯ ಹತ್ತಿರ ಬಂದು ಆಡಿದರೆ ಅದು ರೋಗಿಗೆ ತೋರಿಸುವ ಕರುಣೆ. ನಾನು ಬರೆದದ್ದು ನಾಟಕ." ಆಮೇಲೆ ಗಂಡನ ಕಡೆ ತಿರುಗದೆ ಕೇಳಿದರು, "ನೀನು ಯಾಕೆ ನಿಲ್ಲಿಸಲಿಲ್ಲ?"

"ಅವರು ಪ್ರೀತಿಯಿಂದ ಮಾಡುತ್ತಿದ್ದರು."

"ಎಲ್ಲ ಊರಿನಲ್ಲೂ ಪ್ರೀತಿಯಿಂದಲೇ ಮಾಡಿದರು," ಎಂದರು ಆಂಟಿ. ಸಿಟ್ಟಿನ ದನಿಯಲ್ಲ. ಸುಸ್ತಾದವರ ದನಿ.

ತಂಗಿ ಕಾರಿನ ಬಾಗಿಲು ತೆರೆದರು. ಅಂಕಲ್ ಹೆಂಡತಿಯನ್ನು ಎತ್ತಿ ಒಳಗೆ ಕೂರಿಸಿದರು. ಎತ್ತುವುದಕ್ಕೆ ಏನೂ ಕಷ್ಟವಾಗಲಿಲ್ಲ ಎಂಬುದೇ ನೋಡಲು ಕಷ್ಟವಾಗಿತ್ತು.

ಜುಲೈ ಮೂರನೆಯ ವಾರ ಆಂಟಿ ತೀರಿಕೊಂಡರು. ನಾವು ಮತ್ತೊಂದು ಹಾಲ್ ಹುಡುಕುತ್ತಿದ್ದೆವು. ಅವರು ಮನೆಯಿಂದ ಹೊರಡುವ ಸ್ಥಿತಿಗೆ ಮತ್ತೆ ಬರಲೇ ಇಲ್ಲ. ಸುದ್ದಿ ಹೇಳಲು ಅಂಕಲ್ ತಾವೇ ಫೋನ್ ಮಾಡಿದರು, ತಂಡದ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ. ಬೆಳಗಾವಿಯ ಅಧ್ಯಕ್ಷರಿಗೂ ಮಾಡಿದ್ದರಂತೆ. ಅವರು ಅತ್ತಾಗ ಅಂಕಲ್ಲೇ ಸಮಾಧಾನ ಹೇಳಿದರಂತೆ.

ಆಗಸ್ಟ್‌ನಲ್ಲಿ ನಾನು ಅವರ ಮನೆಗೆ ಹೋಗಿ, ಕೊನೆಯ ದೃಶ್ಯದ ಇಂಗ್ಲಿಷ್ ಹಾಳೆಗಳನ್ನು ಮೇಜಿನ ಮೇಲೆ ಇಟ್ಟೆ. ಅವರು ಮುಟ್ಟಲಿಲ್ಲ.

"ಓದಿ ಅಂಕಲ್. ನೀವು ಅಂದುಕೊಂಡ ಹಾಗಿಲ್ಲ."

"ನಾನು ಏನು ಅಂದುಕೊಂಡಿದ್ದೇನೆ ಅಂತ ನಿನಗೆ ಹೇಗೆ ಗೊತ್ತು?"

"ಬೇಲಿಯ ಹತ್ತಿರ ನಿಲ್ಲುತ್ತಿದ್ದಿರಲ್ಲ, ನೋಡಿದ್ದೇನೆ."

"ಕೂತು ನೋಡು ಅಂದಿದ್ದಳು, ಓದು ಅನ್ನಲಿಲ್ಲ," ಎಂದರು. "ಆಡಿಸೋಣ. ಸಿಡ್ನಿಯಲ್ಲೇ."

ಸೆಪ್ಟೆಂಬರ್‌ನಲ್ಲಿ ಗಿರಾವೀನ್‌ನ ಅದೇ ಹಾಲ್ ಸಿಕ್ಕಿತು. ಸಿಡ್ನಿಯ ಸಂಘದವರ ಸಭೆಗೆ ಅಂಕಲ್ ನನ್ನ ಜೊತೆ ಬಂದರು. ನಾಟಕದ ನಡುವೆ ನಟರನ್ನು ಬಿಟ್ಟು ಯಾರೂ ರಂಗ ಹತ್ತಬಾರದು ಎಂದರು. ಶ್ರದ್ಧಾಂಜಲಿಯ ನಾಲ್ಕು ಮಾತು? ಇಲ್ಲ. ಕಾರ್ಯದರ್ಶಿಗೆ ಬೇಸರವಾಯಿತು. "ಅಂಕಲ್, ಅಟ್‌ಲೀಸ್ಟ್ ಒನ್ ಮಿನಿಟ್ ಸೈಲೆನ್ಸ್? ಏನೂ ಮಾಡ್ಲಿಲ್ಲ ಅಂದ್ರೆ ಜನ ಬೈತಾರೆ." ಅಂಕಲ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮುಖ ನೋಡಿ, "ಇಲ್ಲ," ಎಂದರು. ಗಾಜಿಲ್ಲದೆ ಅವರು ಆ ಮಾತು ಹೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ದಿನ ಅಂಕಲ್ ಎರಡನೆಯ ಸಾಲಿನಲ್ಲಿ ಕುಳಿತರು. ಅವರ ಮುಂದೆ ಹುಬ್ಬಳ್ಳಿಯ ಒಬ್ಬ ಅಜ್ಜಿ, ಮಗಳ ಬಾಣಂತನಕ್ಕೆಂದು ಬಂದವರು, ಕಾಲು ಮಡಚಿ ಕುರ್ಚಿಯ ಮೇಲೆ ಕೂತಿದ್ದರು. ಮೂರು ದೃಶ್ಯ ಮುಗಿದವು. ದೀಪ ಆರಿತು, ಮತ್ತೆ ಬಂತು. ಅಕ್ಕ ಟೋಕನ್ ತೆಗೆದುಕೊಂಡಳು. ಅಧಿಕಾರಿ ನಂಬರ್ ಕೂಗಿದ. ಅವಳು ಏಳಲಿಲ್ಲ. ಮತ್ತೆ ಕೂಗಿದ, ತಲೆಯೆತ್ತಿದ, ಕಿಟಕಿ ಮುಚ್ಚಿದ. ಅಂಕಲ್ ಕಣ್ಣು ಮುಚ್ಚಿಕೊಂಡರು ಎಂದು ನನಗೆ ಅನ್ನಿಸಿತು; ಆ ಬೆಳಕಿನಲ್ಲಿ ಖಚಿತವಾಗಿ ಹೇಳಲಾರೆ. ಬಾಗಿಲು ತೆರೆದ ಸದ್ದಾಯಿತು. ಅಧಿಕಾರಿ ಸುತ್ತು ಹಾಕಿ ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತ.

"ಈಗ ಬಂದ್ಯೇನಪಾ?" ಎಂದರು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ.

ಕೆಲವರು ನಕ್ಕರು. ಅಕ್ಕ ನಗಲಿಲ್ಲ, ಡಬ್ಬಿ ಬಿಚ್ಚಿದಳು. ನಾನು ದೀಪ ಆರಿಸಲು ಹೇಳಿದೆ.

ಜನ ಹೋದ ಮೇಲೂ ಅಂಕಲ್ ಕುಳಿತೇ ಇದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರ ಕಣ್ಣು ಕೆಂಪಾಗಿತ್ತು.

"ಆ ಮುದುಕಿ ಏನೆಂದಳು?"

ನಾನು ಹೇಳಿದೆ. ಈಗ ಬಂದೆಯಾ ಅಂದರು, ಇಷ್ಟು ಹೊತ್ತಿಗೆ.

ಅವರು ತಲೆದೂಗಿದರು. ರಂಗದ ಮೇಲೆ ನಮ್ಮ ಹುಡುಗರು ಕಿಟಕಿಯ ಚೌಕಟ್ಟನ್ನು ಬಿಚ್ಚುತ್ತಿದ್ದರು.

"ಅದಕ್ಕೆ ನಿಮ್ಮ ಭಾಷೆಯಲ್ಲಿ ಏನು ಉತ್ತರ ಕೊಡುತ್ತಾರೆ?"

"ಏನೂ ಇಲ್ಲ, ಅಂಕಲ್. 'ಬಂದೆ' ಅನ್ನಬಹುದು."

ಅವರು ಮುಂದಿನ ಸಾಲಿನ ಖಾಲಿ ಕುರ್ಚಿಯ ಬೆನ್ನು ಹಿಡಿದುಕೊಂಡು ಎದ್ದರು. "ಬಂದೆ," ಎಂದರು, ದಕಾರ ನಾಲಿಗೆಯಲ್ಲಿ ಸರಿಯಾಗಿ ಕೂರದೆ. ಇನ್ನೊಮ್ಮೆ, ನಿಧಾನವಾಗಿ, "ಬಂದೆ." ಎರಡನೆಯದು ನನಗೆ ಹೇಳಿದ್ದಾಗಿರಲಿಲ್ಲ.